ಕೇದಿಗೆ ಹಿಂಡಿನ ಜಗಳ: ನಮ್ಮ ಬಳಗದ ವಾಟ್ಸಾಪ್ ಗುಂಪಿನಿಂದ

(ಹೆಸರು ಹಾಕಿದರೆ ಮುಂದಿನ ಮದುವೆ ಮನೆಯಲ್ಲಿ ನನಗೆ ಊಟ ಸಿಗುವುದಿಲ್ಲ. ಹಾಗಾಗಿ ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇಟ್ಟಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವು, ಅಡಿಕೆ ರೇಟು ತೆಗೆದಿದ್ದೇನೆ.)

ಶಿರಸಿ ಚಿಕ್ಕಪ್ಪ: (ಫೋಟೊ) ನಮ್ಮ ಮನೆ ಕೆಳಗಿನ ಕೆರೆ ಹೀಗಾಗುತ್ತದಂತೆ! ಸುತ್ತ ಕಲ್ಲು, ವಾಕಿಂಗ್ ಪಾತ್, ಸಾಲಾಗಿ ಲೈಟು, ಮಧ್ಯೆ ಕಾರಂಜಿ. ಥೇಟ್ ಸಿಂಗಾಪುರ.

ಹುಬ್ಬಳ್ಳಿ ಅಕ್ಕ: ಸೂಪರ್ ಚಿಕ್ಕಪ್ಪ. ದೀಪಾವಳಿಗೆ ಬಂದಾಗ ಅಲ್ಲೇ ವಾಕಿಂಗ್.

ನಾನು: ಚಿತ್ರ ಚಂದ ಇದೆ. ಆದರೆ ಕೇದಿಗೆ ಹಿಂಡು ಎಲ್ಲಿ ಹೋಯಿತು? ಆಚೆ ದಡದ ಅತ್ತಿಮರ? ನಾಲ್ಕೂ ಕಡೆ ಕಲ್ಲು, ಮೇಲೆ ಲಾನು, ಲಾನಿನಲ್ಲಿ ಪಾಮ್ ಗಿಡ. ಇದು ಕೆರೆಯೋ, ರೆಸಾರ್ಟಿನ ಈಜುಕೊಳವೋ?

ಶಿರಸಿ ಚಿಕ್ಕಪ್ಪ: ಶುರುವಾಯಿತು. ಕೇದಿಗೆ ಹಿಂಡಿನಲ್ಲಿ ಹಾವು ಇರುತ್ತದೆ ಕೂಸೇ. ಸಂಜೆಯಾದರೆ ಆ ಕಡೆ ಹೆಂಗಸರು ಮಕ್ಕಳು ಕಾಲಿಡುವುದಿಲ್ಲ.

ಬೆಂಗಳೂರು ತಮ್ಮ: 1983ರಲ್ಲಿ ಸಳ್ಕಣಿ ಕಡೆ ಮರ ಅಪ್ಪಿಕೊಂಡು ನಿಂತವರ ಊರಿನವರು ನಾವು. ಅಪ್ಪಿಕೊ ಚಳವಳಿ ಎಂದು ಶಾಲೆಯಲ್ಲಿ ಭಾಷಣ ಬೇರೆ ಮಾಡುತ್ತೇವೆ.

ಶಿರಸಿ ಚಿಕ್ಕಪ್ಪ: ಅದು ಕಾಡು ಮಾರಾಯ. ಇದು ಪೇಟೆ. ಹತ್ತು ನಿಮಿಷ ಬೈಕ್ ಓಡಿಸಿದರೆ ಬೇಕಾದಷ್ಟು ಕಾಡಿದೆ. ಪೇಟೆಯೊಳಗೂ ಕಪ್ಪೆ ಸಾಕಬೇಕಾ?

ನಾನು: ಯಾರೂ ಸಾಕುತ್ತಿಲ್ಲ ಚಿಕ್ಕಪ್ಪ. ಅವು ಮೊದಲಿನಿಂದಲೂ ಅಲ್ಲಿವೆ. ನಾವೇ ಬಡಾವಣೆ ಮಾಡಿಕೊಂಡು ಅವುಗಳ ಹತ್ತಿರ ಹೋದವರು.

ಇಂಜಿನಿಯರ್ ಭಾವ: ಭಾವನೆ ಸರಿ. ಆದರೆ ಪಿಚಿಂಗ್, ಅಂದರೆ ದಂಡೆಗೆ ಕಲ್ಲಿನ ಹೊದಿಕೆ, ಇಲ್ಲದಿದ್ದರೆ ಮಳೆಗಾಲದಲ್ಲಿ ದಂಡೆ ಕುಸಿಯುತ್ತದೆ. ನಾಳೆ ಏರಿ ಒಡೆದರೆ ಕೆಳಗಿನ ತೋಟದವರಿಗೆ ಯಾರು ಉತ್ತರ ಹೇಳುತ್ತಾರೆ?

ನಾನು: ಭಾವ, ಏರಿಗೆ ಕಲ್ಲು ಹಾಕಿ. ಬೇಡ ಎನ್ನುವುದಿಲ್ಲ. ಆದರೆ ಏರಿ ಇರುವುದು ಒಂದು ಕಡೆ ಮಾತ್ರ. ಉಳಿದ ಮೂರು ಕಡೆ ಗುಡ್ಡದ ಇಳಿಜಾರು. ಅಲ್ಲಿಂದ ಮಳೆ ನೀರು ಹುಲ್ಲಿನ ಮೇಲೆ ಹರಡಿಕೊಂಡು ಕೆರೆಗೆ ಇಳಿಯುತ್ತದೆ, ಮಣ್ಣು ಹುಲ್ಲಿನಲ್ಲೇ ಉಳಿಯುತ್ತದೆ. ಅಲ್ಲೂ ಗೋಡೆ ಎಬ್ಬಿಸಿ ಮೇಲೆ ಪಾತ್ ಮಾಡಿದರೆ ನೀರು ಒಳಗೆ ಬರುವುದು ಹೇಗೆ?

ಇಂಜಿನಿಯರ್ ಭಾವ: ಅಲ್ಲಲ್ಲಿ ಪೈಪ್ ಕೊಡುತ್ತಾರೆ.

ನಾನು: ಎರಡು ವರ್ಷಕ್ಕೆ ಆ ಪೈಪಿನಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತದೆ. ನಿಮಗೇ ಗೊತ್ತು.

ಇಂಜಿನಿಯರ್ ಭಾವ: ಗೊತ್ತು. ಆದರೆ ಎಸ್ಟಿಮೇಟ್ ಮಾಡುವವನ ಕಷ್ಟವನ್ನೂ ಕೇಳು. ಪಿಚಿಂಗ್‌ಗೆ ರೇಟ್ ಇದೆ. ರೇಲಿಂಗ್‌ಗೆ ರೇಟ್ ಇದೆ. ಕೇದಿಗೆ ಹಿಂಡನ್ನು ಹಾಗೇ ಬಿಡುವುದಕ್ಕೆ ಯಾವ ಐಟಂನಲ್ಲಿ ಬಿಲ್ ಮಾಡುವುದು?

ನಾನು: ನನ್ನ ತಕರಾರೂ ಅದೇ ಭಾವ. ಬಿಲ್ ಆಗದ್ದು ನಕ್ಷೆಯಲ್ಲಿ ಇರುವುದೇ ಇಲ್ಲ. ಅತ್ತಿಮರವನ್ನು ಯಾರೂ ಬೇಕೆಂದು ಅಳಿಸಿಲ್ಲ. ಅದು ಇದೆ ಎಂದೇ ಯಾರೂ ಬರೆದುಕೊಂಡಿಲ್ಲ.

ಬೆಂಗಳೂರು ತಮ್ಮ: ಅದಕ್ಕೂ ಕಾನೂನು ಇದೆ. 2002ರ ಜೀವವೈವಿಧ್ಯ ಕಾಯ್ದೆ. ಪಂಚಾಯತಿಯಿಂದ ಹಿಡಿದು ನಗರಸಭೆಯವರೆಗೆ ಎಲ್ಲರೂ ಒಂದು ಸಮಿತಿ ಮಾಡಬೇಕು. ತಮ್ಮ ಜಾಗದ ಗಿಡ, ಪ್ರಾಣಿ, ಊರವರಿಗೆ ಗೊತ್ತಿರುವ ಅವುಗಳ ಬಳಕೆ, ಎಲ್ಲವನ್ನೂ ಜನರನ್ನೇ ಕೇಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ನಕ್ಷೆ ಮಾಡಿದವರು ಅದನ್ನು ತೆರೆದು ನೋಡಿದ್ದಾರಾ ಕೇಳಿ.

ಶಿರಸಿ ಚಿಕ್ಕಪ್ಪ: ನೀನು ಬೆಂಗಳೂರಿನಲ್ಲಿ ಕೂತು ಕಾನೂನು ಹೇಳು. ಇಲ್ಲಿ ಸೊಳ್ಳೆ ಕಚ್ಚುವುದು ನನಗೆ.

ಬೆಂಗಳೂರು ತಮ್ಮ: ಹಾಗಾದರೆ ನಿಮ್ಮ ಸಿಂಗಾಪುರದ ಕಥೆಯನ್ನೇ ಹೇಳುತ್ತೇನೆ. ಅಲ್ಲಿ ಬಿಶಾನ್ ಎಂಬಲ್ಲಿ ಕಲ್ಲಾಂಗ್ ನದಿಯನ್ನು ಹಿಂದೆ ನೇರ ಕಾಂಕ್ರೀಟ್ ಕಾಲುವೆ ಮಾಡಿಬಿಟ್ಟಿದ್ದರು, 2.7 ಕಿಲೋಮೀಟರ್. ಆಮೇಲೆ ಅವರೇ ಆ ಕಾಂಕ್ರೀಟನ್ನು ಒಡೆದು ತೆಗೆದರು. ಈಗ ಅದು ಹುಲ್ಲಿನ ದಡದ ನಡುವೆ ಬಳಸಿಕೊಂಡು 3.2 ಕಿಲೋಮೀಟರ್ ಹರಿಯುತ್ತದೆ. 2012ರಲ್ಲಿ ಪಾರ್ಕ್ ತೆರೆಯಿತು. ಈಗ ಅಲ್ಲಿ ನೀರುನಾಯಿ ಓಡಾಡುತ್ತವೆ. ಅವರು ದುಡ್ಡು ಕೊಟ್ಟು ತೆಗೆದದ್ದನ್ನು ನಾವು ದುಡ್ಡು ಕೊಟ್ಟು ಹಾಕಿಸುತ್ತಿದ್ದೇವೆ.

ಹುಬ್ಬಳ್ಳಿ ಅಕ್ಕ: ಚಿಕ್ಕಪ್ಪ ಆಫ್‌ಲೈನ್.

ಕಾರವಾರ ಅತ್ತೆ: ಈಗ ನೋಡಿದೆ. ಇಲ್ಲಿ ಕಾಳಿ ನದಿ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಡೆಯಲು ದಾರಿ ಮಾಡಿದ್ದಾರೆ. ಕೆಳಗೆ ಕೆಸರು, ಬೇರು, ಏಡಿ. ಮೇಲೆ ನಾವು. ಜನರೂ ಬರುತ್ತಾರೆ, ಗಿಡವೂ ಇದೆ. ಮೊದಲು ನಾನೂ ಕಾಂಡ್ಲಾ ಅಂದರೆ ಬರೀ ನಾತ ಅಂದುಕೊಂಡಿದ್ದೆ. ಮೀನಿನ ಮರಿಗಳು ಆ ಬೇರಿನ ಸಂದಿಯಲ್ಲೇ ಬೆಳೆಯುವುದು ಎಂದು ಮೀನು ಮಾರುವವಳೇ ನನಗೆ ಹೇಳಿದ್ದು. ನಾವು ತಿನ್ನದಿದ್ದರೆ ಏನಾಯಿತು, ಊರು ತಿನ್ನುತ್ತದಲ್ಲ.

ಡಾಕ್ಟರ್ ಅತ್ತಿಗೆ: ಒಂದು ಮಾತು. ಹಸಿರು ಅಂದ ಕೂಡಲೇ ಎಲ್ಲ ಒಳ್ಳೆಯದು ಅನ್ನಬೇಡಿ. ನಮ್ಮ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಕ್ಯಾಸನೂರಿನಲ್ಲಿ ಗೊತ್ತಾದದ್ದು ಇನ್ನೂ ಹೋಗಿಲ್ಲ. ಕಾಡಂಚಿನಲ್ಲಿ ಉಣುಗು ಕಚ್ಚಿ ಬರುತ್ತದೆ. ಎಲ್ಲಿ ಪೊದೆ ಬಿಡಬೇಕು, ಎಲ್ಲಿ ಸವರಬೇಕು ಎಂದು ನೋಡಿಯೇ ಮಾಡಬೇಕು.

ನಾನು: ಒಪ್ಪಿದೆ ಅತ್ತಿಗೆ. ಈ ನಕ್ಷೆಗೆ ಹಾಕುವ ಆಕ್ಷೇಪಣೆ ಅರ್ಜಿಯಲ್ಲಿ ಅದನ್ನೂ ಬರೆಯುತ್ತೇನೆ. ದಾರಿಯ ಪಕ್ಕ ಸವರಲಿ. ನೀರಿನಂಚು ಬಿಡಲಿ.

ಶಿರಸಿ ಚಿಕ್ಕಪ್ಪ: ಆನ್‌ಲೈನ್ ಇದ್ದೇನೆ. ಊಟ ಮಾಡುತ್ತಿದ್ದೆ. ಸೊಳ್ಳೆಗೆ ಉತ್ತರ ಬರಲಿಲ್ಲ.

ನಾನು: ಸೊಳ್ಳೆ ಮರಿಯನ್ನು ತಿನ್ನುವುದು ಮೀನು, ಏರೋಪ್ಲೇನ್ ಚಿಟ್ಟೆಯ ಮರಿ. ಅವು ಅಡಗಿ ಬದುಕುವುದು ಅಂಚಿನ ಜೊಂಡಿನಲ್ಲಿ. ಅದನ್ನು ಕಿತ್ತರೆ ಸೊಳ್ಳೆಗೇ ಹಬ್ಬ. ಇರಲಿ, ಈ ಫೋಟೊ ನೋಡಿ. ಇವತ್ತು ಬೆಳಿಗ್ಗೆ ತೆಗೆದದ್ದು. (ಫೋಟೊ)

ಶಿರಸಿ ಚಿಕ್ಕಪ್ಪ: ನೋಡಿದೆಯಾ! ಯಾರೋ ಬಟ್ಟೆ ಒಗೆದು ಸೋಪಿನ ನೊರೆ ಎಲೆ ಮೇಲೆಲ್ಲ ಹಾರಿಸಿದ್ದಾರೆ. ಅದಕ್ಕೇ ಬೇಲಿ ಬೇಕು ಅನ್ನುವುದು.

ನಾನು: ಅದು ಸೋಪಲ್ಲ ಚಿಕ್ಕಪ್ಪ. ಹಾರುವ ಕಪ್ಪೆಯ ಗೂಡು. ಹಸಿರು ಮೈ, ಬೆರಳ ನಡುವೆ ಕೆಂಪು ಪೊರೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಹೆಣ್ಣು ಕೂತು, ಮಜ್ಜಿಗೆ ಕಡೆದ ಹಾಗೆ ಕಾಲಿನಿಂದ ಕಡೆದು ನೊರೆ ಎಬ್ಬಿಸುತ್ತದೆ. ಮೊಟ್ಟೆ ಆ ನೊರೆಯ ಒಳಗೆ. ಮೇಲೆ ಒಣಗುತ್ತದೆ, ಒಳಗೆ ಹಸಿ ಇರುತ್ತದೆ. ಮರಿ ಆದ ಮೇಲೆ ನೊರೆ ಕರಗಿ ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಆ ಕೊಂಬೆಯ ಕೆಳಗೆ ಪಾತ್ ಬಂದರೆ ಅವು ಬೀಳುವುದು ಇಂಟರ್‌ಲಾಕ್ ಟೈಲ್ಸ್ ಮೇಲೆ.

ಹುಬ್ಬಳ್ಳಿ ಅಕ್ಕ: ಅಯ್ಯೋ.

ಇಂಜಿನಿಯರ್ ಭಾವ: ಒಂದು ಕೆಲಸ ಮಾಡು. ಎಲ್ಲೆಲ್ಲಿ ಏನಿದೆ ಎಂದು ಒಂದು ಕೈ ನಕ್ಷೆ ಬರೆದು ಕಳಿಸು. ಏರಿ ಬಿಟ್ಟು ಉಳಿದ ಕಡೆ ಪಾತ್ ಅನ್ನು ಹತ್ತು ಹದಿನೈದು ಅಡಿ ಹಿಂದೆ ಸರಿಸಿದರೆ ಖರ್ಚು ಕಡಿಮೆಯೇ ಆಗುತ್ತದೆ. ಆಕ್ಷೇಪಣೆ ಅರ್ಜಿಗೆ ಅದನ್ನು ಲಗತ್ತಿಸೋಣ. ನನ್ನ ಹೆಸರು ಮಾತ್ರ ಬೇಡ.

ಶಿರಸಿ ಚಿಕ್ಕಪ್ಪ: ಲೈಟು ಬೇಕೇ ಬೇಕು. ಅದರಲ್ಲಿ ರಾಜಿ ಇಲ್ಲ.

ನಾನು: ಏರಿ ಮೇಲೆ ಮಾತ್ರ. ಕೆಳಗೆ ಬೆಳಕು ಬೀಳುವ ಹಾಗೆ.

ಶಿರಸಿ ಚಿಕ್ಕಪ್ಪ: ನೋಡೋಣ. ಮಲಗು ಈಗ.

(ಮರುದಿನ, ಬೆಳಿಗ್ಗೆ 6:52)

ಶಿರಸಿ ಚಿಕ್ಕಪ್ಪ: (ಮಸುಕಾದ ಫೋಟೊ, ಅರ್ಧ ಕೊಡೆಯದ್ದು) ಇದೇನಾ ನೀನು ಹೇಳಿದ್ದು? ಮೂರು ಕಂಡವು. ಒಂದಂತೂ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೇ ನೇತಾಡುತ್ತಿದೆ. ಕಾಲಿಗೆ ನಾಲ್ಕು ಉಂಬಳ ಹತ್ತಿವೆ. ಅವೂ ನಿಮ್ಮ ರಿಜಿಸ್ಟರಿನಲ್ಲಿ ಬರುತ್ತವಾ?