ಅಪ್‌ಡೇಟ್: ಮನೆಯ 4 ಕಂಪ್ಯೂಟರ್‌ಗಳ ಬ್ಯಾಕಪ್

ಮನೆಯ 4 ಕಂಪ್ಯೂಟರ್‌ಗಳಿಗೆ ನಂಬಬಹುದಾದ ಬ್ಯಾಕಪ್ ಯಾವುದು ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕೊನೆಗೆ 2 ಡಿಸ್ಕ್‌ಗಳ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ) ತಂದೆ. ಮ್ಯಾಕ್ ತನ್ನಲ್ಲೇ ಇರುವ ಬ್ಯಾಕಪ್ ಸಾಫ್ಟ್‌ವೇರ್ ಟೈಮ್ ಮೆಷಿನ್ ಮೂಲಕ, 3 ವಿಂಡೋಸ್ ಲ್ಯಾಪ್‌ಟಾಪ್‌ಗಳು ನ್ಯಾಸ್ ಜೊತೆ ಬಂದ ಸಾಫ್ಟ್‌ವೇರ್ ಮೂಲಕ ಅದಕ್ಕೇ ಕಾಪಿ ಆಗುತ್ತವೆ.

ನ್ಯಾಸ್‌ನ 2 ಡಿಸ್ಕ್‌ಗಳನ್ನು ಮಿರರ್ ಮಾಡಿದರೆ (ಎರಡರಲ್ಲೂ ಸದಾ ಒಂದೇ ಡೇಟಾ ಇರುವಂತೆ) ಸಾಕು ಅಂದುಕೊಂಡಿದ್ದೆ. ಅದು ಬ್ಯಾಕಪ್ ಅಲ್ಲ ಅಂತ ನೀವು ಬೈದಿದ್ದೇ ಸರಿ. ಒಂದರಲ್ಲಿ ಅಳಿಸಿದ ಫೈಲ್ ಇನ್ನೊಂದರಲ್ಲೂ ಆ ಕ್ಷಣವೇ ಮಾಯ! ಹಾಗಾಗಿ ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೂ ಕಾಪಿ ಮಾಡಿ, ಕಳಚಿ ಬೀರುವಿನಲ್ಲಿ ಇಡುತ್ತೇನೆ. ಕಳಚಿಟ್ಟ ಡಿಸ್ಕನ್ನು ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಮುಟ್ಟಲಾರದು, ಅಲ್ವಾ? ಫೋಟೋಗಳು ಮಾತ್ರ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಯಾರೂ ನೋಡಲಾಗದಂತೆ) ಕ್ಲೌಡಿಗೂ ಹೋಗುತ್ತವೆ.

ಮೊನ್ನೆ ಸುಮ್ನೆ ಒಂದು ಫೋಲ್ಡರ್ ರಿಸ್ಟೋರ್ ಮಾಡಿ ನೋಡಿದೆ. ಒಂದು ಲ್ಯಾಪ್‌ಟಾಪಿನ ಬ್ಯಾಕಪ್ 3 ವಾರ ಹಳೆಯದು! ರಾತ್ರಿ ಕಾಪಿ ಆಗುವ ಹೊತ್ತಿಗೆ ಅದು ಸ್ಲೀಪ್‌ನಲ್ಲಿ ಇರುತ್ತಿತ್ತು. ಈಗ ಸಮಯವನ್ನು ಮಧ್ಯಾಹ್ನಕ್ಕೆ ಬದಲಿಸಿದ್ದೇನೆ.