ಸಿರಿಧಾನ್ಯವನ್ನು ಜನರು ಏನು ನೋಡಿ ಕೊಳ್ಳುತ್ತಾರೆ? ಅನುಭವ ತಿಳಿಸಿ

ಪ್ರಶ್ನೆ, ತುಮಕೂರಿನಿಂದ: ನಮ್ಮ ರೈತರ ಗುಂಪು ತಾನು ಬೆಳೆದ ನವಣೆ, ಸಾಮೆ, ಹಾರಕಗಳನ್ನು ಹೊಟ್ಟು ತೆಗೆಸಿ ಅಕ್ಕಿ ಮಾಡಿಸಿ ನೇರವಾಗಿ ಮಾರಬೇಕೆಂದಿದೆ. ಭತ್ತದ ಅಕ್ಕಿಗಿಂತ ದುಬಾರಿಯಾದ ಇವುಗಳನ್ನು ಗ್ರಾಹಕರು ಯಾವ ಕಾರಣಕ್ಕೆ ಕೊಳ್ಳುತ್ತಾರೆ? ಮಾರಿದವರೂ ಕೊಂಡವರೂ ದಯವಿಟ್ಟು ತಿಳಿಸಿ.

ಮೈಸೂರಿನ ಅಂಗಡಿಯವರು: 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು, ಅದೇ ವರ್ಷ ಸಿರಿಧಾನ್ಯಗಳ ಪ್ರಚಾರಕರಾದ ನಮ್ಮ ಊರಿನ ಡಾ. ಖಾದರ್ ವಲಿ ಅವರಿಗೆ ಪದ್ಮಶ್ರೀಯೂ ಬಂತು. ಆಗ ಕುತೂಹಲದಿಂದ ಬಂದ ಹೊಸಬರು ಅನೇಕರು. ಆದರೆ ನನ್ನ ಅಂಗಡಿಯಲ್ಲಿ ಮೊದಲ ಖರೀದಿಗೆ ಬಹುಪಾಲು ಕಾರಣವಾಗುವುದು ಮನೆಯಲ್ಲಿ ಯಾರಿಗೋ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿದ ರಕ್ತಪರೀಕ್ಷೆಯ ವರದಿ, ಇಲ್ಲವೇ ಅದನ್ನು ಉಂಡು ನೋಡಿದ ನೆಂಟರ ಮಾತು. ಎರಡನೆಯ ಖರೀದಿಯನ್ನು ಮಾತ್ರ ಅಡುಗೆಮನೆಯೇ ತೀರ್ಮಾನಿಸುತ್ತದೆ. ನವಣೆಯನ್ನು ನೆನೆಸದೆ ಅಕ್ಕಿಯಂತೆಯೇ ಬೇಯಿಸಿ, ಅನ್ನ ಗಟ್ಟಿಯಾಯಿತೆಂದು ಬೇಸರಪಟ್ಟವರು ಮತ್ತೆ ಇತ್ತ ಸುಳಿಯುವುದಿಲ್ಲ. ಆದ್ದರಿಂದ ಎಷ್ಟು ಹೊತ್ತು ನೆನೆಸಬೇಕು, ಎಷ್ಟು ನೀರಿಡಬೇಕು ಎಂಬುದನ್ನು ಪೊಟ್ಟಣದ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರಿ. ಅರ್ಧ ಕಿಲೋದ ಪೊಟ್ಟಣಗಳನ್ನೂ ಇಡಿರಿ, ಏಕೆಂದರೆ ಪರೀಕ್ಷಿಸಿ ನೋಡುವವರು ಎರಡು ಕಿಲೋ ಕೊಳ್ಳಲು ಹಿಂಜರಿಯುತ್ತಾರೆ.

ಬೆಂಗಳೂರಿನ ಗೃಹಿಣಿ: ನನ್ನನ್ನು ಒಪ್ಪಿಸಿದ್ದು ಜಾಹೀರಾತಲ್ಲ, ಮೇಳವೊಂದರಲ್ಲಿ ತಿಂದ ಸಾಮೆಯ ಬಿಸಿಬೇಳೆಬಾತ್. ಮಕ್ಕಳು ಒಪ್ಪದ ಪದಾರ್ಥ ನಮ್ಮ ಮನೆಯಲ್ಲಿ ಎಷ್ಟೇ ಪೌಷ್ಟಿಕವಾಗಿದ್ದರೂ ಡಬ್ಬಿಯಲ್ಲೇ ಉಳಿಯುತ್ತದೆ. ಇನ್ನೊಂದು ಮಾತು: ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕೆಂಬ ನಿಯಮ ತಿಳಿದ ಮೇಲೆ, ಮೈದಾ ಮೊದಲಿರುವ ‘ರಾಗಿ ಬಿಸ್ಕತ್ತ’ನ್ನು ನಾನು ಮುಟ್ಟಿಲ್ಲ. ಹೀಗೆ ಪಟ್ಟಿ ಓದುವವರು ಈಗ ಹೆಚ್ಚುತ್ತಿದ್ದಾರೆ, ಮೇಷ್ಟರು ಉತ್ತರಪತ್ರಿಕೆ ತಿದ್ದುವಷ್ಟು ಶ್ರದ್ಧೆಯಿಂದ!

ಧಾರವಾಡದ ಪಥ್ಯಾಹಾರ ಸಲಹೆಗಾರ್ತಿ: ಕಾಯಿಲೆ ವಾಸಿಯಾಗುತ್ತದೆ ಎಂದು ದಯವಿಟ್ಟು ಬರೆಯಬೇಡಿರಿ. ಆಹಾರದ ಜಾಹೀರಾತಿನಲ್ಲಿ ಅಂತಹ ಭರವಸೆ ಕೊಡುವುದನ್ನು ಕಾನೂನು ನಿಷೇಧಿಸಿದೆ. ಸಾಲದ್ದಕ್ಕೆ, ಸಿರಿಧಾನ್ಯವೆಂದು ಎರಡು ಪಾಲು ಉಂಡವರ ಸಕ್ಕರೆ ಏರಿದಾಗ ಕೆಡುವುದು ನಿಮ್ಮ ಹೆಸರೇ. ನಾರಿನ ಅಂಶವನ್ನಷ್ಟೇ ನಿಜವಾಗಿ ನಮೂದಿಸಿದರೆ ಸಾಕು. ಹೆಚ್ಚು ಪಾಲಿಶ್ ಮಾಡಿದ ಬಿಳಿಯ ಧಾನ್ಯ ನೋಡಲು ಚೆಂದವಿರುವುದರಿಂದ ಬೇಗ ಮಾರಾಟವಾಗುತ್ತದೆ, ಆದರೆ ಯಾವ ನಾರಿಗಾಗಿ ಜನ ಹೆಚ್ಚು ಹಣ ಕೊಡುತ್ತಾರೋ ಅದೇ ತವುಡಿನೊಂದಿಗೆ ಹೋಗಿರುತ್ತದೆ.

ಮೈಸೂರಿನ ಅಂಗಡಿಯವರು, ಮತ್ತೆ: ತವುಡು ಉಳಿಸಿದರೆ ಅದರಲ್ಲಿರುವ ಎಣ್ಣೆಯಂಶದಿಂದ ಧಾನ್ಯಕ್ಕೆ ಬೇಗ ಕಮಟು ವಾಸನೆ ಬರುತ್ತದೆ ಎಂಬುದನ್ನೂ ಸೇರಿಸಬೇಕು. ಗಿರಣಿಯಿಂದ ಬಂದ ದಿನಾಂಕವನ್ನು ತಪ್ಪದೆ ನಮೂದಿಸಿ, ಬೇಡಿಕೆಯಿದ್ದಷ್ಟನ್ನೇ ಆಗಾಗ ಅಕ್ಕಿ ಮಾಡಿಸಿರಿ.