ಗುಡ್ಡದ ಬುಡದ ತಂಗುಮನೆಗೆ ‘ಬಿಡದಿ’ ಎನ್ನಬಹುದೇ?

ಮಾನ್ಯರೇ,

ಆನೆಗೊಂದಿಯಿಂದ ಸಾಣಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡಗಳ ಬುಡದಲ್ಲಿ, ನನ್ನ ತಂಗಿ ಮತ್ತು ಆಕೆಯ ಗಂಡ ಎಂಟು ಕೋಣೆಗಳ ಮನೆಯೊಂದನ್ನು ಪ್ರವಾಸಿಗರಿಗಾಗಿ ಅಣಿಗೊಳಿಸಿದ್ದು, ಅದರ ನಾಮಫಲಕಕ್ಕೆ ಕನ್ನಡದ ಪದವೊಂದನ್ನು ಹುಡುಕುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಎರಡು ವಾರವಾದರೂ ಫಲಕ ಖಾಲಿಯಿದೆ.

‘ತಂಗುದಾಣ’ ಎಂದು ಬರೆದರೆ ಜನ ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಾರು. ‘ವಸತಿಗೃಹ’ ಎಂದರೆ ಪೊಲೀಸರ ಕ್ವಾರ್ಟರ್ಸ್ ನೆನಪಾಗುತ್ತದೆ. ‘ಪ್ರವಾಸಿ ಮಂದಿರ’ವನ್ನು ಸರ್ಕಾರ ಎಂದೋ ತನ್ನದಾಗಿಸಿಕೊಂಡಿದೆ. ‘ಛತ್ರ’ವು ಅನ್ನ ನೀಡುವ ‘ಸತ್ರ’ದ ಇನ್ನೊಂದು ರೂಪವಾದ್ದರಿಂದ ಹಣ ಪಡೆದು ಇರಿಸಿಕೊಳ್ಳುವ ಮನೆಗೆ ಹೊಂದುವುದಿಲ್ಲ. ತುಂಗಭದ್ರಾ ನದಿಯ ಈ ದಂಡೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ನಮ್ಮ ಅಜ್ಜ ಇಂಥ ಜಾಗವನ್ನು ‘ಮುಸಾಫಿರಖಾನೆ’ ಎನ್ನುತ್ತಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಆಚೆ ದಂಡೆಯ ಹೊಸಪೇಟೆಯ ನಂಟರ ಬಾಯಲ್ಲಿ ಅದು ‘ಬಂಗ್ಲೆ’ಯಾಗಿತ್ತು. ಅಜ್ಜನ ಪದವನ್ನು ಇಂದು ಫಲಕದ ಮೇಲೆ ಬರೆದರೆ ಬಿರಿಯಾನಿ ಕೇಳಿಕೊಂಡು ಬರುವವರೇ ಹೆಚ್ಚಾಗಬಹುದು.

ಉಳಿದದ್ದು ‘ಬಿಡದಿ’. ನಮ್ಮ ಹೊಲಗಳಲ್ಲಿ ‘ಗಳೆ ಬಿಟ್ಟರು’ ಎಂದರೆ ನೊಗ ಇಳಿಸಿ, ಎತ್ತುಗಳನ್ನು ನೆರಳಿಗೆ ಕಟ್ಟಿದರು ಎಂದರ್ಥ. ಹೊರೆ ಇಳಿಸಿ ನಿಲ್ಲುವ ಈ ‘ಬಿಡು’ವಿನ ಮಕ್ಕಳೇ ಬೀಡು, ಬಿಡಾರ, ಬಿಡದಿ ಎಂಬುದು ನನ್ನ ತಿಳಿವಳಿಕೆ. ಇವುಗಳಲ್ಲಿ ಬೀಡು ಬಹಳ ಮೇಲಕ್ಕೆ ಹೋಗಿದೆ: ಅರಸನು ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ’ ರಾಜ್ಯವಾಳುತ್ತಿದ್ದನೆಂದು ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಬಿಡಾರವೋ ಕೆಳಗಿಳಿದು, ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿ ನಿಂತಿದೆ. ನಡುವಿನ ಬಿಡದಿ ಮಾತ್ರ ಮದುವೆಮನೆಯಲ್ಲಿ, ಗಂಡಿನ ಕಡೆಯವರು ಇಳಿದುಕೊಳ್ಳುವ ಮನೆಯಾಗಿ ಉಳಿದುಕೊಂಡಿದೆ. ಬಳ್ಳಾರಿಯಲ್ಲಿ ಮನೆಮಾತು ತೆಲುಗಾಗಿರುವವರು ಇದನ್ನೇ ‘ವಿಡಿದಿ’ ಎನ್ನುತ್ತಾರೆ. ತಮಿಳಿನ ‘ವಿಡುದಿ’ ವಿದ್ಯಾರ್ಥಿಗಳ ಹಾಸ್ಟೆಲಿಗೂ ಸಲ್ಲುತ್ತದೆ. ಅಲ್ಲಿ ಅಷ್ಟು ಅಗಲವಾದ ಅರ್ಥ ಇಲ್ಲಿ ಮದುವೆಯೊಂದಕ್ಕೇ ಏಕೆ ಕಟ್ಟುಬೀಳಬೇಕು?

ತಂಗಿಯ ಆಕ್ಷೇಪ ಬೇರೆ. “ಬಿಡದಿ ಅಂತ ಬರದ್ರ ಬಂದೋರು ಬೀಗರಂಗ ಬಿಸಿನೀರಿಗೆ ಜಗಳಾ ತಗೀತಾರ ನೋಡಣ್ಣ” ಎಂದು ಆಕೆ ನಕ್ಕಳು. ಅದರಲ್ಲಿ ಅರ್ಥವಿಲ್ಲದಿಲ್ಲ: ಬಿಡದಿಯಲ್ಲಿ ಇಳಿದವರು ಬಾಡಿಗೆ ಕೊಡುವುದಿಲ್ಲ, ಉಪಚಾರವನ್ನು ಮಾತ್ರ ಎಣಿಸುತ್ತಾರೆ.

ಇನ್ನೊಂದು ತೊಡಕು, ಕೋಣೆಯಲ್ಲಿ ಇಡುವ ಹಾಳೆಯ ‘ಹೊರಾಂಗಣ ಚಟುವಟಿಕೆಗಳು’ ಎಂಬ ತಲೆಬರಹದ್ದು. ಅಂಗಣವೆಂದರೆ ಅಂಗಳ, ಗುಡ್ಡವನ್ನು ಅಂಗಳಕ್ಕೆ ಸೇರಿಸುವುದು ಸರಿಕಾಣದು. ‘ಬಯಲಿನ ಆಟಗಳು’ ಎಂದು ತಿದ್ದಿದೆ. ಆದರೆ ನಮ್ಮ ಸೀಮೆಯಲ್ಲಿ ಬಯಲಾಟವೆಂದರೆ ರಾತ್ರಿಯಿಡೀ ವೇಷ ಕಟ್ಟಿ ಕುಣಿಯುವುದು, ಬಯಲ ಕಡೆ ಹೋಗುವುದೆಂದರೆ ಚೊಂಬು ಹಿಡಿದು ಹೋಗುವುದು, ಹೀಗಾಗಿ ಹೊಡೆದುಹಾಕಿದೆ. ‘ಚಾರಣ’ ಪತ್ರಿಕೆಗಳ ಮೂಲಕ ನೆಲೆಗೊಂಡಿದೆ, ಊರವರು ‘ಗುಡ್ಡ ಹತ್ತೋದು’ ಎಂದೇ ಹೇಳಿದರೂ ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೆನ್ನಿಗೆ ದಪ್ಪನೆಯ ಗಾದಿ ಕಟ್ಟಿಕೊಂಡು ಬಂದು, ಅದನ್ನು ಬಂಡೆಯ ಕೆಳಗೆ ಹಾಸಿ, ಅಂಗೈಗೆ ಬಿಳಿಪುಡಿ ಸವರಿಕೊಂಡು, ಹಗ್ಗವಿಲ್ಲದೆ ಬರಿಗೈಯಲ್ಲಿ ಆಳೆರಡಾಳು ಎತ್ತರ ಹತ್ತುವ ಹುಡುಗರ ಆಟ ಚಾರಣವಲ್ಲ. ಅದಕ್ಕೆ ಸದ್ಯ ‘ಬಂಡೆ ಹತ್ತುವಿಕೆ’ ಎಂದು ಬರೆದಿದ್ದೇನೆ. ಇಡೀ ಹಾಳೆಯಲ್ಲಿ ತಿದ್ದುವ ಅಗತ್ಯ ಬೀಳದ ಪದ ‘ಹರಿಗೋಲು’ ಒಂದೇ.

ಆದ್ದರಿಂದ ಬಲ್ಲವರಲ್ಲಿ ಕೇಳುವುದಿಷ್ಟೆ. ಮದುವೆಯ ಹೊರತಾಗಿ, ಸಂತೆಗೋ ಜಾತ್ರೆಗೋ ಬಂದವರು ಇಳಿದುಕೊಳ್ಳುವ ಜಾಗಕ್ಕೆ ‘ಬಿಡದಿ’ ಎನ್ನುವುದನ್ನು ನಿಮ್ಮ ಊರಿನಲ್ಲಿ ಕೇಳಿದ್ದೀರಾ? ಕೇಳಿದ್ದರೆ, ಅಲ್ಲಿ ಉಳಿಯಲು ಹಣ ಕೊಡುತ್ತಿದ್ದರೇ, ಇಲ್ಲವೇ?